ಸೊಂಟ ಸಣ್ಣದಾದ ಕಡೆ

ಕುತೈಸಿಯ ವೈದ್ಯ ಕಾಲೇಜಿನಲ್ಲಿ
ಮೊದಲ ವರ್ಷದವರಿಗೆ ಭೌತಶಾಸ್ತ್ರ ಹೇಳುವವಳು ನಾನು, ಲಮ್ಜಿರಾ.
ಹದಿನಾರು ವರ್ಷದಿಂದ ಒಂದೇ ಪ್ರಶ್ನೆ,
ಮಾರ್ಚಿಯ ಎರಡನೇ ಮಂಗಳವಾರ:

ಒಂದು ಗಾಜಿನ ಕೊಳವೆ. ನಡುವೆ ಸೊಂಟ ಸಣ್ಣದು.
ನೀರು ಹರಿಯುತ್ತಿದೆ.
ಸೊಂಟದಲ್ಲಿ ಒತ್ತಡ ಹೆಚ್ಚೋ, ಕಡಿಮೆಯೋ?
ನಲ್ಲಿ ತಿರುಗಿಸುವ ಮೊದಲು ಹೇಳಿ. ಬಾಯಲ್ಲಿ ಬೇಡ, ಬರೆದು ಕೊಡಿ.
ಬರೆಯದ ಊಹೆ ಗೋಸುಂಬೆ,
ಉತ್ತರ ಕಂಡ ಕೂಡಲೇ ಅದರದೇ ಬಣ್ಣ.

ಈ ಸಲ ನಲವತ್ತೊಂದು ಚೀಟಿ.
ಇಪ್ಪತ್ತೊಂಬತ್ತರಲ್ಲಿ 'ಹೆಚ್ಚು'.
ಇಕ್ಕಟ್ಟು ಅಂದಮೇಲೆ ಒತ್ತಡ ಇರೋದಿಲ್ಲವೇ ಟೀಚರ್,
ಅಂದವನು ತುಂಬಿದ ವ್ಯಾನಿನಲ್ಲಿ
ಒಂಟಿಗಾಲಲ್ಲಿ ನಿಂತು ಬಂದಿದ್ದ.
ಅವನ ಪಕ್ಕೆಲುಬಿಗೆ ಗೊತ್ತಿದ್ದನ್ನು
ನಾನು ಹೇಗೆ ಸುಳ್ಳೆನ್ನಲಿ?

ದಾಳಿಂಬೆ ರಸ ಬೆರೆಸಿದ ನೀರು ಬಿಟ್ಟೆ.
ಮೂರು ನಿಂತ ನಳಿಕೆಗಳಲ್ಲಿ
ನಡುವಿನದು ಕುಸಿಯಿತು, ಕೆಂಪಗೆ, ಎರಡು ಬೆರಳು ಕೆಳಗೆ.
ಇಡೀ ಕೋಣೆ ಓ ಎಂದಿತು.
ಜೂನ್ ಪರೀಕ್ಷೆಯಲ್ಲಿ ಹತ್ತೊಂಬತ್ತು ಜನ
ಮತ್ತೆ 'ಹೆಚ್ಚು' ಎಂದು ಬರೆದರು.

ಮೊದಮೊದಲು ದಡ್ಡರು ಅಂದುಕೊಂಡಿದ್ದೆ.
ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ
ಅವರು ಯೋಚಿಸುವ ಸದ್ದನ್ನು ಮುದ್ರಿಸಿಕೊಂಡೆ.
ಹುಂ, ಅಂದರೆ, ಇಲ್ಲ, ತಾಳಿ, ಅಲ್ಲ.
ನಾಲ್ಕು ಚಳಿಗಾಲ ಅದನ್ನೇ ಕೇಳಿದೆ.
ಹಳೆಯ ಊಹೆ ಮನೆ ಬಿಟ್ಟು ಹೋಗುವುದಿಲ್ಲ.
ಹೊಸದಕ್ಕೆ ಹಾಸಿಗೆ ಬಿಟ್ಟುಕೊಟ್ಟು
ಬಾಗಿಲ ಹಿಂದೆ ಮಲಗಿರುತ್ತದೆ.
ಅವಸರದಲ್ಲಿ ಯಾರಾದರೂ ಕದ ತಟ್ಟಿದರೆ
ಮೊದಲು ಎದ್ದು ಬರುವುದು ಅದೇ.
ಇಷ್ಟನ್ನು ಇಪ್ಪತ್ತು ಪುಟದಲ್ಲಿ ಬರೆದು
ತ್ಬಿಲಿಸಿಯ ಸಭೆಯಲ್ಲಿ ಓದಿದೆ. ಚಪ್ಪಾಳೆ ಬಿತ್ತು.

ನವೆಂಬರಿನಲ್ಲಿ ಬಗ್ರಾತಿ ಗುಡ್ಡದ ಮೆಟ್ಟಿಲಲ್ಲಿ
ಉಸಿರು ನನಗಿಂತ ಹಿಂದೆ ಉಳಿಯಿತು.

ರಿಯೋನಿ ದಂಡೆಯ ಆಸ್ಪತ್ರೆ. ಹೃದಯದ ಡಾಕ್ಟರು ತೋರ್ನಿಕೆ,
ನನ್ನ ಹಳೆಯ ವಿದ್ಯಾರ್ಥಿ;
ಅವನ ಚೀಟಿ ಈಗಲೂ ನನ್ನ ಬೀರುವಿನಲ್ಲಿದೆ: 'ಹೆಚ್ಚು'.
ಎದೆಗೆ ತಣ್ಣನೆಯ ಜೆಲ್ಲು ಸವರಿದ.
ಪರದೆಯ ಮೇಲೆ ನನ್ನ ಕವಾಟ,
ವಾಲ್ನಟ್ಟಿನ ಸಿಪ್ಪೆಯ ಹಾಗೆ ಬಿರುಸು,
ಅರೆ ತೆರೆದು ಅಲ್ಲೇ ನಿಲ್ಲುತ್ತಿತ್ತು.
ಹುಶ್, ಹುಶ್, ಎಂದಿತು ಯಂತ್ರ.
ಸೆಕೆಂಡಿಗೆ ನಾಲ್ಕೂಕಾಲು ಮೀಟರು ಟೀಚರ್, ಅಂದ. ಕಿರಿದಾಗಿದೆ.

ಅಯ್ಯೋ, ಹಾಗಾದರೆ ಆ ಸಂದಿಯಲ್ಲಿ
ಒತ್ತಡ ಎಷ್ಟಿರಬೇಕು, ಒಡೆದು ಹೋದರೆ?

ಹೇಳಿದವಳು ನಾನೇ.
ನಾಲಗೆ ನನ್ನದೇ, ಹದಿನಾರು ವರ್ಷದ ನಾಲಗೆ.

ತೋರ್ನಿಕೆ ನಗಲಿಲ್ಲ. ಜೆಲ್ಲು ಒರೆಸಿದ.
ಔಷಧಿ ಚೀಟಿಯ ಹಿಂಬದಿ ತಿರುಗಿಸಿ
ಒಂದು ಕೊಳವೆ ಗೀಚಿ, ಪೆನ್ನು ನನ್ನ ಕೈಗಿಟ್ಟ.
ಎಲ್ಲಿ ಹೆಚ್ಚು? ಬರೆದು ಕೊಡಿ.

ಬೆರಳು ನಡುಗುತ್ತಿತ್ತು.
ಸೊಂಟಕ್ಕೆ ಓಡಿದ ಗುರುತನ್ನು ಹೊಡೆದು ಹಾಕಿ
ಹಿಂದಿನ ಕೋಣೆಗೆ ತಂದಿಟ್ಟೆ.
ಅಲ್ಲಿ. ತಳ್ಳಿ ತಳ್ಳಿ ಗೋಡೆ ದಪ್ಪಗಾದ ಆ ಕೋಣೆಯಲ್ಲಿ.
ಸಂದಿಯಲ್ಲಿ ಇರುವುದು ಧಾವಂತ ಮಾತ್ರ.
ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ;
ಎದೆಯೊಳಗಿನದಕ್ಕೆ ಬೇಕಾಯಿತು,
ಹಿಡಿಯುವವನೊಬ್ಬನೂ ಬೇಕಾಯಿತು.

ಹೊಡೆದು ಹಾಕಿದ ಗುರುತಿನ ಸಮೇತ
ಆ ಕಾಗದವನ್ನು ಕಟ್ಟಿಗೆ ಸೇರಿಸಿದ್ದೇನೆ.
ಇಪ್ಪತ್ತೊಂಬತ್ತು ಹೋಗಿ ಮೂವತ್ತು.

ಕವಾಟ ಬದಲಿಸುವುದು ಬರುವ ಗುರುವಾರ.
ಅದಕ್ಕೆ ಮುಂಚೆ ಕಿರಿಯ ಡಾಕ್ಟರೊಬ್ಬಳು ಬಂದಳು, ತ್ಸಿಸಾನಾ,
ಕಿವಿಯಲ್ಲಿ ಸ್ಟೆತೋಸ್ಕೋಪು, ಕಣ್ಣೆಲ್ಲ ನನ್ನ ವರದಿಯ ಮೇಲೆ.
ಫೈಲನ್ನು ದಿಂಬಿನ ಕೆಳಗೆ ತಳ್ಳಿದೆ.
ಮೊದಲು ಕೇಳು ಮಗಳೇ, ಕೇಳಿದ್ದನ್ನು ಬರಿ.
ತಪ್ಪಾದರೆ? ಅಂದಳು.
ತಪ್ಪಾದರೆ ನನಗೊಂದು ಪ್ರತಿ ಕೊಡು.

ಬಾಗಿದಳು. ಲೋಹದ ಬಿಲ್ಲೆ ತಣ್ಣಗಿತ್ತು.
ಅವಳು ಬರೆದು ಮುಗಿಸುವವರೆಗೆ
ಉಸಿರು ಹಿಡಿದುಕೊಂಡಿದ್ದೆ.