ಒಕ್ಕದ ಹೆಸರು ಮೊದಲು

ಮಡಿಕೇರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಮೂರು ಫೋಲ್ಡರು ತೆರೆದು ಕೂತಿದ್ದೇನೆ.
ಮೂರರಲ್ಲೂ ಒಂದೇ ಮಿದುಳು,
ಬಲಗಿವಿಯ ಮೇಲೆ, ಬೆಲ್ಲದ ಚೂರಿನಷ್ಟು ಜಾಗ.

ಮೈಸೂರಿನ ಯಂತ್ರ ಬರೆದಿದೆ: ದೇಚಮ್ಮ ಐಮಂಡ.
ಮಂಗಳೂರಿನದು: ಐಮಂಡ ಡಿ.
ನಮ್ಮದು, ಇದೇ ಊರಿನದಾದರೂ,
ಬರೀ ಒಂದು ನಂಬರು.

ಹೆಸರು ಬಿಡಿ, ಅದು ಕಣ್ಣಿಗೆ ಕಾಣುವ ಗೊಂದಲ.
ಒಳಗೆ ಅಂಕಿಗಳೂ ಹಾಗೇ:
ಒಂದು ದೊಡ್ಡ ಬೈಟನ್ನು ಮುಂದಿಡುತ್ತದೆ,
ಇಲ್ಲಿಯವರು ಒಕ್ಕದ ಹೆಸರು ಮುಂದಿಟ್ಟಂತೆ;
ಇನ್ನೊಂದು ಅದನ್ನೇ ಬಾಲಕ್ಕೆ ತಳ್ಳುತ್ತದೆ.
ಮೂರನೆಯದು
ಕಂಪನಿಯವರಷ್ಟೇ ಬಿಚ್ಚಬಲ್ಲ ಗಂಟು.

ಮದುವೆಮನೆಯಲ್ಲಿ ಮೊದಲ ಪ್ರಶ್ನೆ, ಯಾರ ಪೈಕಿ?
ಹೇಳದವರಿಗೂ ಎಲೆ ಹಾಕುತ್ತಾರೆ, ಸರಿ.
ಎಕೋ ಟೈಮು ಹೇಳದ ಕಡತವನ್ನು
ನಾನು ಯಾವ ಪಂಕ್ತಿಯಲ್ಲಿ ಕೂರಿಸಲಿ?

ಹೋದ ತಿಂಗಳು ಕೈ ನಡುಗಿತ್ತು.
ಮಂಗಳೂರಿನ ಗೆರೆಯಲ್ಲಿ, ಎರಡರ ಗುರುತಿನ ಬಳಿ
ನರಕೋಶಗಳ ಶಿಖರ ಇರಬೇಕಾದಲ್ಲಿ
ಬೋಳು ಬಯಲು.
ಕೋಲೀನಿನ ಬೇಲಿಯ ಪಕ್ಕದಲ್ಲೇ
ಉದ್ದಕ್ಕೆ ಎದ್ದು ನಿಂತದ್ದೊಂದು.
ಗಡ್ಡೆ, ಅಂದುಕೊಂಡೆ.
ಫೋನು ಕೈಗೆತ್ತಿಕೊಂಡವಳು ಯಾಕೋ ಕೆಳಗಿಟ್ಟೆ.
ಒಂದೂವರೆ ಟೆಸ್ಲಾದ ಯಂತ್ರವನ್ನು
ಮೂರು ಎಂದು ಓದಿದ್ದೆ.
ಕಡತ ಹೇಳಿರಲಿಲ್ಲ. ನಾನು ಕೇಳಿರಲಿಲ್ಲ.

ದೇಚಮ್ಮನಿಗೆ ಇದನ್ನು ಹೇಳಿದಾಗ ನಕ್ಕರು:
"ಒಂದೇ ಚೀಲ ಕಾಫಿಗೆ ಸಿದ್ದಾಪುರದಲ್ಲಿ ಓಟಿ ಇಪ್ಪತ್ತಾರು,
ಗೋಣಿಕೊಪ್ಪದಲ್ಲಿ ಇಪ್ಪತ್ತೆಂಟು.
ಕಾಫಿಯನ್ನು ಬೈದು ಏನು ಬಂತು?"

ಆಮೇಲೆ ಕೂತು ಒಂದು ಪಟ್ಟಿ ಮಾಡಿದೆವು,
ನಾನು, ಮಂಗಳೂರಿನ ಪ್ರೆಸಿಲ್ಲಾ, ಮೈಸೂರಿನ ನಂಜರಾಜು.
ಕಚ್ಚಾ ಸಂಕೇತಕ್ಕೆ ಯಾರೂ ಕೈ ಹಚ್ಚಕೂಡದು.
ಪಕ್ಕದಲ್ಲೊಂದು ಸಾದಾ ಬರಹದ ಕಡತ, ಯಾರು ತೆರೆದರೂ ತೆರೆಯುವಂಥದ್ದು:
ಕಾಂತ ಎಷ್ಟು ಬಲದ್ದು, ನೀರಿನ ಸದ್ದನ್ನು ಹೇಗೆ ಅಡಗಿಸಿದಿರಿ,
ನಿಮಗಿಂತ ಮೊದಲು ಮುಟ್ಟಿದವರು ಯಾರು.
ಸೆಕೆಂಡೋ ಮಿಲಿಸೆಕೆಂಡೋ ಎಂದು
ಮೂರು ರಾತ್ರಿ ಜಗಳ. ಪ್ರೆಸಿಲ್ಲಾ ಗೆದ್ದಳು.
ನಂಜರಾಜು ಇನ್ನೂ ಮಾತು ಬಿಟ್ಟಿದ್ದಾನೆ.

ಇವತ್ತು ಮೂರು ಗೆರೆ ಒಂದರ ಮೇಲೊಂದು ಕೂತವು.
ಮೂರು ವರ್ಷ, ಮೂರು ಊರು,
ಶಿಖರಗಳು ಇದ್ದಲ್ಲೇ.

ಪ್ರಿಂಟು ಹಿಡಿದು ದೇಚಮ್ಮ ಕನ್ನಡಕ ಸರಿಮಾಡಿಕೊಂಡರು.
"ಹೆಸರೆಲ್ಲಿ?"
ಹಂಚುವ ಕಡತದಲ್ಲಿ ಹೆಸರಿರಬಾರದು, ನಿಯಮ, ನಾವೇ ಬರೆದದ್ದು.
"ಹಾಗಾದರೆ ಇದು ನನ್ನದೇ ತಲೆ
ಅಂತ ಅದಕ್ಕೆ ಹೇಗೆ ಗೊತ್ತು?"

ಪಟ್ಟಿಯಲ್ಲಿ ಅದಕ್ಕೆ ಅಂಕಣವಿಲ್ಲ.
ನನ್ನ ಜೇಬಿನ ಪೆನ್ನು ತಾವೇ ಎಳೆದುಕೊಂಡು
ಕಾಗದದ ಮೂಲೆಯಲ್ಲಿ ಬರೆದರು, ಒತ್ತಿ, ನಿಧಾನ:
ಐಮಂಡ
ಆಮೇಲೆ, ಸ್ವಲ್ಪ ಜಾಗ ಬಿಟ್ಟು,
ದೇಚಮ್ಮ.