ಮೀಟರಿಗೆ ಕಾಣದ್ದು

ಜೆ.ಸಿ. ರೋಡಿನಲ್ಲಿ, ಸಂಜೆ ನಾಲ್ಕಕ್ಕೆ,
ಸೀಟು ಕವರು ಹೊಲಿಯುವ ಮಿಷನ್ನಿನ ಸದ್ದಿನ ನಡುವೆ
ಹಿಂಬಾಗಿಲು ಎತ್ತಿಕೊಂಡು ನಿಂತಿದೆ ಪಿಳ್ಳಪ್ಪನವರ ಓಮ್ನಿ.
ಒಳಗಿನ್ನೂ ಕಾಕಡದ ವಾಸನೆ,
ಒದ್ದೆ ಗೋಣಿ, ಬಾಳೆನಾರು, ನಾಲ್ಕಾರು ಸೇವಂತಿ ಎಸಳು.
ರಾತ್ರಿ ಎರಡಕ್ಕೆ ಹೊಸಕೋಟೆ ಕಡೆಯಿಂದ ಹೂವು ತುಂಬಿಕೊಂಡು
ಮಾರ್ಕೆಟ್ಟಿಗೆ ಬರುವಾಗ ನಿದ್ದೆ ಎಳೆಯುತ್ತದಂತೆ ಅವರಿಗೆ.
"ಎದೆಗೆ ಗುದ್ದಬೇಕು ಕಣಪ್ಪ. ಕಿವಿಗೆ ಬೇಡ."

ಹನ್ನೆರಡಿಂಚಿನ ವೂಫರು, ಸೆಕೆಂಡ್ ಹ್ಯಾಂಡು.
ಬೆನ್ನ ಮೇಲೆ ಎರಡು ಕೆಂಪು, ಎರಡು ಕಪ್ಪು.
ಒಂದೇ ಕೊರಳಿಗೆ ಎರಡು ಸುರುಳಿ ಸುತ್ತಿಟ್ಟಿದ್ದಾರೆ ಯಾರೋ,
ತಾಮ್ರದ್ದು, ಒಂದೊಂದೂ ಎರಡು ಓಮ್.

"ಪಕ್ಕಪಕ್ಕ ಕಟ್ಟಿದರೆ ಒಂದೇ ಓಮು,"
ಹಚ್ಚದ ಬೀಡಿ ಕಚ್ಚಿಕೊಂಡೇ ಅಂದರು ಜಬಿಯುಲ್ಲಾ ಸಾಹೇಬರು,
"ಎರಡು ಬಾಗಿಲೂ ಹಾರುಹೊಡೆದ ಹಾಗೆ,
ನುಗ್ತದೆ ಕರೆಂಟು, ಹೊಗೆ ಬಿಡ್ತದೆ ಆಂಪು.
ಇದಕ್ಕೆ ನಾಲ್ಕಕ್ಕಿಂತ ಕಮ್ಮಿ ಕೊಡಬೇಡ.
ಒಂದರ ಹಿಂದೆ ಒಂದು ಕಟ್ಟು.
ಅಂಗಿಯ ತುದಿ ಹಿಡಕೊಂಡು ರೈಲಾಟ ಆಡ್ತಾವಲ್ಲ ಮಕ್ಕಳು, ಹಂಗೆ."

"ಒಂದು ಓಮಿಗೆ ಸೌಂಡು ಜಾಸ್ತಿ ಅಂದಿದ್ದ ನಮ್ಮ ಅಳಿಯ."

"ಅಳಿಯಂದಿರ ಗಾಡಿಗೆ ಹಾಕೋಣ ಅದನ್ನ."

ಕಟ್ಟಿದವನು ನಾನು.
ಕಪ್ಪಿನಿಂದ ಕಪ್ಪಿಗೆ ಒಂದು ತುಂಡು ತಂತಿ,
ಉಳಿದೆರಡು ಕೆಂಪು ಆಂಪಿಗೆ.
ಬಣ್ಣ ಬಣ್ಣವನ್ನೇ ಸೇರಬೇಕೆಂದು
ಯಾವ ಶಾಲೆಯಲ್ಲಿ ಕಲಿತಿದ್ದೆನೋ.
ಮೀಟರು ಹಿಡಿದೆ: ಮೂರು ಪಾಯಿಂಟ್ ಆರು.
ಸರಿಯಾಗೇ ಇದೆ.

ಹಾಡು ಹಚ್ಚಿದರೆ ಏನೂ ಇಲ್ಲ.
ವಾಲ್ಯೂಮು ಏರಿಸಿದರೆ ಇನ್ನಷ್ಟು ಏನೂ ಇಲ್ಲ.
ಆಂಪಿನ ಹಸಿರು ದೀಪ ಮಾತ್ರ ನನ್ನನ್ನೇ ನೋಡುತ್ತಿದೆ.
"ಸತ್ತ ಮಾಲು ಕೊಟ್ರಾ?" ಪಿಳ್ಳಪ್ಪ ಎದ್ದು ನಿಂತರು.

ಸಾಹೇಬರು ಕೋನಿನ ಮೇಲೆ ಅಂಗೈ ಇಟ್ಟರು,
ಮಗುವಿಗೆ ಜ್ವರ ನೋಡುವ ಹಾಗೆ.
ಬಗ್ಗಿ ಮೂಸಿದರು, ವಾರ್ನಿಷು ಕಾದ ವಾಸನೆ.
"ಸತ್ತಿಲ್ಲ ಇದು. ಜಗಳದಲ್ಲಿದೆ."

ಗೋಡೆ ಗಡಿಯಾರದ ಸೆಲ್ಲು ಕಿತ್ತು ತಂದರು.
ತುಂಡು ತಂತಿ ಬಿಚ್ಚಿ ಮೊದಲ ಸುರುಳಿಗೆ ಮುಟ್ಟಿಸಿದರೆ
ಕೋನು ಒಂದು ಕೂದಲೆಳೆ ಮುಂದೆ ಬಂತು.
ಎರಡನೆಯದಕ್ಕೆ ಮುಟ್ಟಿಸಿದರೂ ಬಂತು.
ನಾನು ಕಟ್ಟಿದ ಹಾಗೇ ಮತ್ತೆ ಕಟ್ಟಿ ಮುಟ್ಟಿಸಿದರು.
ಅಲುಗಲಿಲ್ಲ.

"ಒಬ್ಬ ಮುಂದಕ್ಕೆ ದಬ್ತಾನೆ, ಒಬ್ಬ ಹಿಂದಕ್ಕೆ.
ಇಬ್ಬರದೂ ಅಷ್ಟೇ ತಾಕತ್ತು.
ಉಳಿಯೋದು ಬಿಸಿ."
ನನಗೆ ಹೇಳಿದರೋ ಗೋಡೆಗೋ.
ಗೋಡೆಯಾಚೆ ಅವರ ತಮ್ಮನ ಅಂಗಡಿ, ಹಾರ್ನು, ಹೆಡ್‌ಲೈಟು.
ಎರಡಕ್ಕೂ ಒಂದೇ ಕರೆಂಟು ಬಿಲ್ಲು,
ಸರದಿಯ ಮೇಲೆ ಕಟ್ಟುತ್ತಾರೆ,
ಚೀಟಿ ಹಿಡಿದು ಓಡಾಡುವವನು ನಾನು.
ಹದಿಮೂರು ವರ್ಷದಿಂದ ಮಾತಿಲ್ಲ.

"ಮೀಟರು ಸರಿ ತೋರಿಸ್ತಲ್ಲ ಸಾಬ್?"
"ಅದಕ್ಕೆ ದಿಕ್ಕು ಗೊತ್ತಿಲ್ಲ ಬೇಟಾ.
ತಡೆ ಎಷ್ಟು ಅಂತ ಅಷ್ಟೇ ಲೆಕ್ಕ ಹೇಳ್ತದೆ."

ಕಪ್ಪಿನಿಂದ ಈ ಸಲ ಕೆಂಪಿಗೆ.
ತಿರುಪು ಬಿಗಿದೆ, ಬೆವರು ಒರೆಸಿಕೊಂಡೆ,
ಡಬ್ಬದೊಳಗೆ ಕೂರಿಸಿ ಎಂಟು ಸ್ಕ್ರೂ ಹೊಡೆದೆ.
ಹಚ್ಚಿದಾಗ
ಮೊದಲು ನಡುಗಿದ್ದು ಓಮ್ನಿಯ ನಂಬರ್ ಪ್ಲೇಟು,
ಆಮೇಲೆ ಟೀ ಗ್ಲಾಸು,
ಆಮೇಲೆ ನನ್ನ ಹೊಟ್ಟೆ.
ಕೋನಿನ ಮೇಲೆ ಬಿದ್ದಿದ್ದ ಸೇವಂತಿ ಎಸಳು
ಎದ್ದು, ಬಿದ್ದು, ಎದ್ದು, ಅಂಚಿನಿಂದ ಹಾರಿಹೋಯಿತು.
ಪಿಳ್ಳಪ್ಪನವರು ಎದೆ ಮುಟ್ಟಿಕೊಂಡು ನಕ್ಕರು.
"ಬಂತು, ಬಂತು."

ಗೋಡೆಯಾಚೆ ಶೆಲ್ಫಿನ ಹಾರ್ನುಗಳೆಲ್ಲ ಗಲಗಲ ಅಂದದ್ದು ಕೇಳಿಸಿತು.
ಒಂದು ಗಳಿಗೆ ಬಿಟ್ಟು, ಆ ಕಡೆಯಿಂದ ಗೋಡೆಗೆ ಎರಡು ಬಡಿತ.
ಕಮ್ಮಿ ಮಾಡು ಅಂತಲೋ, ಏನಂತಲೋ.

ಸಾಹೇಬರು ಸಣ್ಣ ಸ್ಕ್ರೂಡ್ರೈವರು ತಗೊಂಡು
ಆಂಪಿನ ಗೇನು ಒಂದು ಗೋಧಿಕಾಳಿನಷ್ಟು ಹಿಂದೆ ತಿರುಗಿಸಿದರು.
ಬಂದ್ ಮಾಡಲಿಲ್ಲ.
ಬೀಡಿ ಹಚ್ಚಿದರು.

ಬಾಕಿ ಇನ್ನೂರು ನಾಳೆ, ಜೊತೆಗೆ ಎರಡು ಮೊಳ ಕನಕಾಂಬರ
ಎಂದು ಹೊರಟರು ಪಿಳ್ಳಪ್ಪ, ಟೌನ್ ಹಾಲ್ ಸಿಗ್ನಲ್ಲಿನವರೆಗೂ ಗುದ್ದುತ್ತಾ.
ಸೆಲ್ಲು ಮತ್ತೆ ಹಾಕಿದ್ದೇನೆ.
ಗಡಿಯಾರ ಹನ್ನೊಂದು ನಿಮಿಷ ಹಿಂದಿದೆ.
ಸ್ಟೂಲು ತಮ್ಮನ ಅಂಗಡಿಯಲ್ಲಿದೆ, ಕೇಳಿ ತರಬೇಕು.