ಹೆಪ್ಪು

ಇಂಡಿಯ ನಿಂಬಿ ಬಜಾರದ ಹಿಂದ
ತಗಡಿನ ಬೇಲಿಯೊಳಗ ಒಂದು ಉಕ್ಕಿನ ಹೊಟ್ಟಿ.
ಎತ್ತರ ಎರಡಾಳು, ಗೋಡಿ ಮಾತ್ರ ಗೇಣು ದಪ್ಪ.
ಒಳಗ ಒಂಬತ್ತು ಬಾರ್ ಅಂತಾರ ಮಠಪತಿ ಸಾಹೇಬರು.
ನಾ ರಿಜಿಸ್ಟರಿನ್ಯಾಗ ಒಂಬತ್ತು ಭಾರ ಅಂತ ಬರೀತೀನಿ.
ಆರು ತಿಂಗಳಾತು, ಯಾರೂ ತಿದ್ದಿಲ್ಲ.

ರಾತ್ರಿ ಪಾಳಿ ನಂದು.
ಒಡೆದ ನಿಂಬಿ, ಬೂಸಲ ಹಿಡಿದ ನಿಂಬಿ,
ಲಾರಿ ಗಾಲಿಗೆ ಸಿಕ್ಕ ನಿಂಬಿ,
ಖಾನಾವಳಿಯವರು ತಂದು ಸುರಿದ ಅನ್ನ, ಜುಣಕ,
ಎಲ್ಲಾ ಅರದು ಬಾಯಿಗೆ ಇಡೂದು,
ಮುಚ್ಚಳ ಬಿಗಿಯೂದು,
ಮುಳ್ಳು ನೋಡೂದು.

ಯಾಕ ಇಷ್ಟು ಒತ್ತಬೇಕು ಅಂತ
ಮೊದಮೊದಲು ತಿಳೀಲಿಲ್ಲ.
ಹೇಳಿದವ ಸೋಡಾ ದಸ್ತಗೀರಸಾಬ.
ಹೆಬ್ಬೆರಳಿಲೆ ಗೋಲಿ ಒತ್ತಿ ಬುಸ್ ಅನಿಸಿ,
“ನೋಡವ್ವಾ, ಅಮಕಿದರ ಗಾಳಿ ನೀರಾಗ ಕೂಡತದ,
ಬಿಟ್ಟರ ಎದ್ದು ಬರತದ. ಇಷ್ಟ ಇದರ ಗುಟ್ಟು.”
ಹೌದಲ್ಲ! ನಮ್ಮ ಹೊಟ್ಟ್ಯಾಗೂ
ಉರೀಲಾರದ ಗಾಳಿ ನೀರಿಗೆ ಇಳೀತದ,
ಉರಿಯೂದು ತೊಳದಂಗ ಮ್ಯಾಲೆ ಬರತದ.

ಆದರ ಸೋಡಾ ಅಂದರ ಹುಳಿ,
ನಿಂಬಿನೂ ಹುಳಿ.
ದರ ಬಿದ್ದ ವಾರ ಚೀಲಗಟ್ಟಲೆ ತಂದು ಚೆಲ್ಲಿದರು.
ನಾನೂ ತುಂಬೇ ತುಂಬಿದೆ, ಸುಳ್ಳ ಯಾಕ ಹೇಳಲಿ.
ಹುಳಿ ಏರಿದರ ಹುಳ ಸೊರಗತಾವ,
ಕಣ್ಣಿಗೆ ಕಾಣಲಾರದ ಹುಳ,
ಸಿಪ್ಪಿ ಎಣ್ಣಿ ತಾಕಿದರ ಸಾಯೂ ಹುಳ.
ನಾಕನೇ ರಾತ್ರಿ ಉರಿ ಹಳದಿ ಆತು,
ಐದನೇ ರಾತ್ರಿ
ಕಡ್ಡಿ ಗೀರಿ ಗೀರಿ ನನ್ನ ಬೆರಳು ಸುಟ್ಟವು, ಅಷ್ಟ.

ಬೆಳಗಾವಿಯಿಂದ ಫೋನು:
“ಇನ್ನೆರಡು ಬಾರ್ ಏರಸು, ನೋಡೋಣು.”
ಹೂಂ ಅಂದೆ.
ಏರಸಲಿಲ್ಲ.
ಉಬ್ಬಸ ಬಂದವರ ಎದಿ ಮ್ಯಾಲೆ
ಯಾರರೆ ಕೂಡತಾರೇನು?

ಕೀಲಿ ಒಂದು ಕೂದಲೆಳಿಯಷ್ಟು ತಿರವಿದೆ.
ತಾಸಿಗೆ ಅರ್ಧ ಭಾರ, ತಾಸಿಗೆ ಅರ್ಧ ಭಾರ.
ಒಮ್ಮೆಲೆ ಬಿಟ್ಟರ ನೊರಿ ಉಕ್ಕಿ ಕೊಳವಿ ಕಟ್ಟತದ.
ಮೂರು ದಿನ ಉಪಾಸ ಕೆಡವಿದೆ.
ಸುಣ್ಣದ ತಿಳಿ ಹನಿ ಹನಿ ಕುಡಿಸಿದೆ.
ಆಮ್ಯಾಲೆ ನೀಲಗಂಗವ್ವನ ಕೊಟ್ಟಿಗಿಗೆ ಹೋಗಿ
ಬಿಸಿ ಆರದ ಎಮ್ಮಿ ಸಗಣಿ, ಎರಡು ಬುಟ್ಟಿ.
“ಇಷ್ಟು ದೊಡ್ಡ ಮಿಶನ್ನಿಗೆ ಇಷ್ಟ ಸಾಕಾ?” ಅಂದಳು.
“ಗಡಗಿ ಹಾಲಿಗೆ ನೀ ಎಷ್ಟು ಹೆಪ್ಪು ಹಾಕತಿ?” ಅಂದೆ.
ಆಕಿ ನಕ್ಕಳು, ಮೂರನೇ ಬುಟ್ಟಿ ಪುಕ್ಕಟೆ ಕೊಟ್ಟಳು.

ಬೆರಳು ಅದ್ದಿದರ ಸುಡಬಾರದು, ತಣ್ಣಗೂ ಇರಬಾರದು.
ಹೆಪ್ಪಿಟ್ಟ ಗಡಗಿ ಅಲಗಾಡಸಬಾರದು ಅಂತ
ಕಲಕೂ ಮೋಟರನೂ ತಾಸಿಗೊಮ್ಮೆ, ಮೆಲ್ಲಕ.
ಈಗ ನಿಂಬಿ ಸಿಪ್ಪಿ ಬ್ಯಾರೆ ಮಾಡಿ
ತಗಡಿನ ಮ್ಯಾಲೆ ಒಣಗಸತೀನಿ,
ಓಣಿತುಂಬ ಘಮ,
ವಾಸನಿ ಬಂತು ಅಂತ ಅರ್ಜಿ ಕೊಟ್ಟವರೂ
ಮೂಗು ಅರಳಸತಾರ.

ಒಂಬತ್ತನೇ ದಿನ ಮುಳ್ಳು ಹೊರಳಿತು.
ಬಿಸಲಾಗ ಉರಿ ಕಾಣಲಿಲ್ಲ, ಅಷ್ಟು ನೀಲಿ.
ಅಂಗೈ ಒಡ್ಡಿದೆ. ಚುರ್ ಅಂತು.
ದಸ್ತಗೀರಸಾಬ ಗೋಲಿ ಒತ್ತಿ
ಒಂದು ಬಾಟಲಿ ನನಗ, ಒಂದು ಬಾಟಲಿ
ಗೋಡಿಗೆ ಸಿಡಿಸಿದ.

ಸಾಹೇಬರು ಬಂದು ರಿಜಿಸ್ಟರ್ ತಗದರು,
ಒಂಬತ್ತರಿಂದ ಸೊನ್ನಿಗೆ ಇಳಿದ ಗೆರಿ ನೋಡಿದರು,
ನನ್ನ ಮಾರಿ ನೋಡಿದರು.
ಏನೂ ಅನ್ನಲಿಲ್ಲ.
ಆ ದಿನದ ಸಾಲು ಹಿಂಗದ:
ಭಾರ, ನಾಕೂವರಿ.
ಹುಳಿ, ಇಳದದ.
ಷರಾ, ಹಸದದ.